ಎರಡು ಪಂಜರಕ್ಕೂ ಒಂದೇ ಊಟ

ಕಾಪು
9 ಸೆಪ್ಟೆಂಬರ್ 2025

ಪ್ರೀತಿಯ ಆನ್ಸಿಲ್ಲಾ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ಮಸ್ಕತ್ತಿಗೆಲ್ಲ ನೀನೊಬ್ಬಳೇ ನರ್ಸ್ ಅನ್ನುವ ಹಾಗೆ ರೋಗಿಗಳನ್ನು ಎತ್ತಿ ಕೂರಿಸಬೇಡ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಚೆನ್ನಾಗಿದ್ದಾಳೆ. ನಿನ್ನೆ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳು ಫೋನಿನಲ್ಲಿ ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿಕೊಂಡು ಕುಡಿ. ನಿನ್ನ ಎಲೆ ಹಾಕದೆ ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ ನಾನು ಅರ್ಧಕ್ಕೇ ಎದ್ದುಬಿಟ್ಟೆ. ಇದನ್ನು ಮುಚ್ಚಿಡುವುದೇಕೆ?

ಈಗ ಹೊಳೆಯ ವಿಷಯ. ಕಳೆದ ವರ್ಷದ ಮಳೆಗಾಲದಲ್ಲಿ, ಹೊಳೆಯಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದ ನಮ್ಮ ಸೀಬಾಸ್ ಮೀನುಗಳು ಮೈಯೆಲ್ಲ ಹುಣ್ಣಾಗಿ ತೇಲಿದಾಗ ನೀನು ಗಡುವು ಕೊಟ್ಟೆ. ಮುಂದಿನ ಮೊಂತಿ ಹಬ್ಬದೊಳಗೆ ಮೀನು ಉಳಿಸುವ ದಾರಿ ಗಟ್ಟಿಯಾಗದಿದ್ದರೆ ಪಂಜರ ಮಾರಿ ನಾನೂ ಮಸ್ಕತ್ತಿಗೆ ಬರಬೇಕು, ಒಬ್ಬಳೇ ಇದ್ದು ನಿನಗೆ ಸಾಕಾಗಿದೆ ಎಂದೆ. ನಾನು ಒಪ್ಪಿದೆ. ಮೀನುಗಾರಿಕೆ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಪ್ರಣೀತಾ ಒಂದು ದಾರಿ ಹೇಳಿದಳು. ಸೋಯಾ ಹೆಚ್ಚಿರುವ ಫೀಡಿನಲ್ಲಿ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಸಾಲದೆ ಹೋಗಬಹುದಂತೆ. ಅದು ಸಾಲದಿದ್ದರೆ ಮೀನಿಗೆ ರೋಗ ಎದುರಿಸುವ ಶಕ್ತಿ ಕುಗ್ಗುತ್ತದೆ, ಹಾಗೆಂದು ಅತಿಯಾಗಿ ಸುರಿದರೂ ಕೆಡುಕೇ. ಅದು ಔಷಧಿಯಲ್ಲ, ಹುಣ್ಣು ಬಂದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಆದ್ದರಿಂದ ಮಳೆಗೆ ಮೊದಲೇ ಶುರು ಮಾಡಿದೆ. ಅಳತೆಯ ಮೆಥಿಯೊನಿನ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಫೀಡಿಗೆ ಹಿಡಿಸಿ ಒಣಗಿಸಬೇಕು, ಇಲ್ಲದಿದ್ದರೆ ಪುಡಿಯೆಲ್ಲ ಹೊಳೆಯ ಪಾಲು. ಒಂದು ಪಂಜರಕ್ಕೆ ಪುಡಿ ಹಿಡಿಸಿದ ಫೀಡು, ಇನ್ನೊಂದಕ್ಕೆ ಬರೀ ಫೀಡು, ಹೋಲಿಸಿ ನೋಡುವುದಕ್ಕೆ.

ಜುಲೈಯಲ್ಲಿ ಹೊಳೆ ಉಪ್ಪು ಕಳೆದು ಸಪ್ಪೆಯಾಗಿ ಕೆಸರು ಹೊತ್ತು ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಮೀನು ಉಳಿಯಿತು ಆನ್ಸಿಲ್ಲಾ! ಆದರೆ ಎರಡೂ ಪಂಜರದಲ್ಲಿ! ಪ್ರಣೀತಾ ತಲೆ ಕೆರೆದುಕೊಂಡಳು. ಕೊನೆಗೆ ಅಮ್ಮನೇ ಬಾಯಿಬಿಟ್ಟಳು. ಮೀನಿಗೆ ಫೀಡು ಹಾಕುವ ಕೆಲಸ ಅವಳದಲ್ಲವೇ, ಮೊದಲ ದಿನದಿಂದಲೇ ಎರಡು ಡಬ್ಬಿಯದನ್ನೂ ಒಟ್ಟಿಗೆ ಬೆರೆಸಿ ಸಮಪಾಲು ಹಂಚಿದ್ದಾಳೆ. "ಒಂದೇ ಮನೆಯ ಮಕ್ಕಳಲ್ಲಿ ಒಬ್ಬನಿಗೆ ಮೊಟ್ಟೆ, ಇನ್ನೊಬ್ಬನಿಗೆ ಬರೀ ಗಂಜಿ ಬಡಿಸುವ ಕ್ರಮ ಎಲ್ಲಿ ಉಂಟು ಮಾರಾಯ? ನನ್ನಿಂದ ಆಗುವುದಿಲ್ಲ," ಎಂದಳು. ಜೀವಮಾನವಿಡೀ ಯಾರ ತಟ್ಟೆಗೂ ಒಂದು ತುಂಡು ಮೀನು ಹೆಚ್ಚು ಕಡಿಮೆ ಹಾಕದವಳಿಗೆ ಏನು ಹೇಳಲಿ?

ಹಾಗಾಗಿ ಮೀನು ಬದುಕಿದ್ದು ಪುಡಿಯಿಂದಲೋ, ಈ ಸಲದ ಮಳೆಯ ದಯೆಯಿಂದಲೋ ಹೇಳುವಂತಿಲ್ಲ. ಹೊಳೆಯ ಮೇಲಿನ ತಿರುವಿನಲ್ಲಿ ಪಂಜರ ಇಟ್ಟ, ಪುಡಿ ಕೊಡದ ಜಿತೇಂದ್ರನ ಮೀನು ಸತ್ತದ್ದು ನಿಜ. ಆದರೆ ಅವನ ಮರಿಗಳು ಬೇರೆ, ಅಲ್ಲಿನ ನೀರಿನ ಸೆಳೆತ ಬೇರೆ, ಅದನ್ನು ಪುರಾವೆ ಅನ್ನಬೇಡಿ ಎಂದಳು ಪ್ರಣೀತಾ. ಎಲ್ಲ ಸಾಬೀತಾಯಿತು ಎಂದು ಬರೆದಿದ್ದರೆ ನೀನು ನಂಬುತ್ತಿದ್ದೆ. ನಿನಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಬರುವ ಮಳೆಗಾಲಕ್ಕೆ ಎರಡೂ ಪಂಜರಕ್ಕೆ ನಾನೇ ಫೀಡು ಹಾಕುತ್ತೇನೆ. ಮುಂದಿನ ಸಲ ತಿಳಿಯದೆ ಬಿಡುವವನಲ್ಲ.

ಅಮ್ಮ ನಿನ್ನ ಹಣೆಗೆ ಮುತ್ತಿಡಲು ಹೇಳಿದ್ದಾಳೆ, ಕಾಗದದಲ್ಲಿ ಅದು ಹೇಗೆ ಎಂದು ಅವಳಿಗೇ ಗೊತ್ತು. ಮರಿಯ ಮಾತೆ ನಿನ್ನನ್ನು ಕಾಯಲಿ.

ನಿನ್ನವನೇ ಆದ
ಸ್ಟ್ಯಾನಿಸ್ಲಾಸ್

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಮೇಲೆ ಬರೆಯಲು ಧೈರ್ಯ ಸಾಲದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಪಂಜರ ಕೊಳ್ಳಲು ಪಡುಬಿದ್ರಿಯಿಂದ ಡೆನಿಸ್ ಬೆಳಿಗ್ಗೆ ಬಂದಿದ್ದ. ಕೊಡುವುದಿಲ್ಲ ಎಂದು ಕಳಿಸಿದೆ. ಮಾತು ತಪ್ಪಿದ್ದೇನೆ, ಎಷ್ಟು ಬೈದರೂ ಕೇಳುತ್ತೇನೆ. ನಾನು ಮಸ್ಕತ್ತಿಗೆ ಬರುವುದಿಲ್ಲ. ನೀನೇ ಊರಿಗೆ ಬಾ ಆನ್ಸಿಲ್ಲಾ. ರಜೆಗಲ್ಲ.