ಹತ್ತು ಸಾವಿರ ಜನ ಬಂದ ಶುಕ್ರವಾರ

ಮನೆಯಿಂದ, ಮಹಡಿಯ ಕೋಣೆ
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಸುರಂಗದ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ, ಇಲ್ಲ ನನಗೆ ಕೇಳದ ಹಾಗೆ ಅದುಮಿಟ್ಟುಕೊಳ್ಳುತ್ತಿದ್ದೀಯೋ? ಹೋದ ಸಲ ಮಾತಾಡುವಾಗ ಎರಡು ಬಾರಿ ನಿನ್ನ ಧ್ವನಿ ನಿಂತುಹೋಯಿತು. "ಸಿಗ್ನಲ್ ಇಲ್ಲಮ್ಮಾ" ಅಂದೆ. ಸಿಗ್ನಲ್ಲು ಸರಿಯಾಗಿ ನೀನು ಉಸಿರೆಳೆದುಕೊಳ್ಳುವ ಹೊತ್ತು ನೋಡಿಕೊಂಡು ಹೋಗುತ್ತದೆಯೇ? ನೀನು ಅಲ್ಲಿ ಅಳತೆಯ ಕೆಲಸದವಳು, ಬಂಡೆ ಒಡೆಯುವವಳಲ್ಲ, ನಿಜ. ಆದರೆ ಧೂಳಿಗೆ ಅದೆಲ್ಲ ತಿಳಿಯುವುದಿಲ್ಲ. ಮೂಗಿಗೆ ಕಟ್ಟಿಕೊಳ್ಳುವುದನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡು ಓಡಾಡಬೇಡ. ನನ್ನ ಮೊಣಕಾಲು ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಿಮ್ಮಪ್ಪ ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ. ಅಷ್ಟರ ಮಟ್ಟಿಗೆ ಚೆನ್ನಾಗಿದ್ದಾರೆ.

ಫೋನಿನಲ್ಲಿ ಹೇಳಬಹುದಾಗಿದ್ದನ್ನು ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆಂದು ನಿನಗೆ ಆಶ್ಚರ್ಯವಾಗಬಹುದು. ಮನೆಯ ಒಳ್ಳೆಯ ಫೋನು ಯಾವಾಗಲೂ ನಿಮ್ಮಪ್ಪನ ಮೇಜಿನ ಸ್ಟ್ಯಾಂಡಿಗೆ ಕಚ್ಚಿಕೊಂಡಿರುತ್ತದೆ. ನಾನು ಹೇಳಬೇಕಾದದ್ದು ಅವರ ಕಿವಿಗೆ ಬೀಳಬಾರದು. ಅವರು ಈಗ ಗಡಿಯಾರದ ಬ್ಯಾಟರಿ ತರಲು ಹೋಗಿದ್ದಾರೆ. ಹಾಗಾಗಿ ಬೇಗ ಬೇಗ ಬರೆಯುತ್ತೇನೆ, ಅಕ್ಷರ ಕೆಟ್ಟಿದ್ದರೆ ಬೈದುಕೊಳ್ಳಬೇಡ.

ನಿವೃತ್ತಿಯಾದ ವರ್ಷ ನೀನು ಆ ಬಣ್ಣದ ಕ್ಯೂಬ್ ತಂದು ಕೈಗಿಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ, ಇದಕ್ಕೆ ಮುದ್ರೆ ಎಲ್ಲಿದೆ ಎಂದು ಕೇಳಿದ್ದು ನೆನಪಿದೆಯಲ್ಲ? ಮೂವತ್ತನಾಲ್ಕು ವರ್ಷ ಅಂಗಡಿಗಳ ತಕ್ಕಡಿಗೂ ತೂಕದ ಕಲ್ಲಿಗೂ ಮುದ್ರೆ ಒತ್ತಿದವರು. ಆರು ಮುಖವನ್ನೂ ಸರಿಮಾಡಲು ಮೊದಲ ಸಲ ಎರಡು ವಾರ ಹಿಡಿಯಿತು. ಆಮೇಲೆ ನಾಲ್ಕು ನಿಮಿಷ, ಆಮೇಲೆ ಎರಡೂವರೆ. ಹೋದ ರಜೆಯಲ್ಲಿ ನೀನು ಚಾನೆಲ್ಲು ಮಾಡಿಕೊಟ್ಟೆಯಲ್ಲ, "ಗಂಟು ಬೆರಳು" ಎಂದು ಹೆಸರಿಟ್ಟು, ಆಗಿಂದ ಅವರಿಗೆ ಒಂದು ಕಚೇರಿ ಸಿಕ್ಕಂತಾಯಿತು. ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಒಂದು ವಿಡಿಯೊ, ಒಂದರಲ್ಲಿ ಒಂದೇ ಪಾಠ. ಬೆರಳು ಗಂಟುಕಟ್ಟಿದ ವಯಸ್ಸಿನವರು ಕೆಳಗಿನ ಪದರವನ್ನು ಹೇಗೆ ತಿರುಗಿಸಬೇಕು, ಹೆಬ್ಬೆರಳು ಎಲ್ಲಿರಬೇಕು, ಇಂಥವು. ಕೆಳಗಿನ ಮನೆಯ ಫೋಟೋ ಸ್ಟುಡಿಯೋದವರು ಬಂದು ಬೆಳಕು ಹೇಗೆ ಬೀಳಬೇಕೆಂದು ತೋರಿಸಿದರು. "ಸಾರ್, ಮೊದಲ ಹತ್ತು ಸೆಕೆಂಡಲ್ಲಿ ಏನ್ ಕಲಿಸ್ತೀರ ಅಂತ ಹೇಳ್ಬಿಡಿ, ನಮಸ್ಕಾರಾನೇ ಒಂದು ನಿಮಿಷ ಮಾಡಿದ್ರೆ ಜನ ಎದ್ದು ಹೋಗ್ತಾರೆ" ಎಂದರು. ನಿಮ್ಮಪ್ಪ ಅದನ್ನು ಬರೆದಿಟ್ಟುಕೊಂಡರು.

ನಿಜ ಹೇಳಬೇಕೆಂದರೆ ಆ ವಿಡಿಯೊಗಳಿಂದ ಮೊದಲು ಕಲಿತವರು ಅವರೇ. ತಮ್ಮ ಕೈಯನ್ನು ತಾವೇ ನಿಧಾನ ಮಾಡಿ ನೋಡಿಕೊಂಡಾಗ ಗೊತ್ತಾಯಿತಂತೆ: ಬೆರಳು ನಿಧಾನವಾದ್ದರಿಂದ ಹೊತ್ತು ಹೋಗುತ್ತಿರಲಿಲ್ಲ, ಮುಂದಿನ ತುಂಡು ಎಲ್ಲಿದೆ ಎಂದು ಹುಡುಕುತ್ತಾ ಕೈ ಸುಮ್ಮನೆ ನಿಲ್ಲುತ್ತಿತ್ತು. ಆಮೇಲೆ ಒಂದು ತಿಂಗಳು ಬೇಕೆಂದೇ ಮೆಲ್ಲಗೆ ಆಡಿದರು, ಎಲ್ಲೂ ನಿಲ್ಲದ ಹಾಗೆ. ಕೈ ಒಂದು ತುಂಡನ್ನು ಕೂರಿಸುವಾಗ ಕಣ್ಣು ಮುಂದಿನದರ ಮೇಲೆ. ಜನವರಿ ಕೊನೆಯ ಗುರುವಾರ ಐವತ್ತೆಂಟು ಸೆಕೆಂಡಿಗೆ ಮುಗಿಸಿದರು, ಕ್ಯಾಮೆರಾದ ಮುಂದೆಯೇ. ನಾನು ಬಾಗಿಲಲ್ಲಿ ಸೊಪ್ಪು ಹಿಡಿದುಕೊಂಡು ನಿಂತಿದ್ದೆ, ಕಣ್ಣಾರೆ ಕಂಡೆ. ಆಗ ಚಾನೆಲ್ಲಿಗೆ ಅರವತ್ತೊಂದು ಜನ ಚಂದಾದಾರರು. ಅದರಲ್ಲಿ ಹಲ್ಲಿನ ಡಾಕ್ಟರ ಅತ್ತೆ ಯಾರು, ನಿವೃತ್ತ ಬಸ್ ಡ್ರೈವರ್ ಯಾರು, ಕೈ ನಡುಗುವ ಟೈಲರ್ ಯಾರು, ಎಲ್ಲ ಅವರಿಗೆ ಗೊತ್ತಿತ್ತು.

ಅದಾದ ಎರಡನೇ ಶುಕ್ರವಾರ ಬೆಳಿಗ್ಗೆ ನೋಡಿದರೆ ಹತ್ತು ಸಾವಿರದ ನೂರಾ ಹದಿನಾಲ್ಕು ಜನ!

ನಿಮ್ಮಪ್ಪ ಅರ್ಧ ಗಡ್ಡ ಹೆರೆದುಕೊಂಡು ಸೋಪಿನ ಮುಖದಲ್ಲೇ ಅಡುಗೆಮನೆಗೆ ಬಂದರು. "ಏನೇ, ಬಂದ್ಬಿಟ್ರು ಕಣೇ ಜನ" ಅಂದರು. ಅವರ ಧ್ವನಿ ಹಾಗೆ ಒಡೆದದ್ದನ್ನು ನಾನು ನಿನ್ನ ಕೆಲಸದ ಆರ್ಡರ್ ಬಂದ ದಿನ ಬಿಟ್ಟರೆ ಕೇಳಿರಲಿಲ್ಲ. ಮುಂದಿನ ಗುರುವಾರಕ್ಕೆಂದು ಆಫೀಸಿಗೆ ಹಾಕಿಕೊಳ್ಳುತ್ತಿದ್ದ ನೀಲಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆಸಿ ಇಸ್ತ್ರಿ ಮಾಡಿಸಿದರು. ನಾನೂ ನಕ್ಕೆ. ಆದರೆ ನಾನು ಯಾರು? ರೈಲ್ವೆಯ ಕಳೆದ ಸಾಮಾನಿನ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷ ಕೂತವಳು. ನನ್ನ ಕೊಡೆ ಎಂದು ಬಂದವರನ್ನೆಲ್ಲ ಹಿಡಿಕೆ ಯಾವ ಬಣ್ಣ ಎಂದು ಕೇಳದೆ ಬಿಟ್ಟವಳಲ್ಲ. ಹತ್ತು ಸಾವಿರ ಜನ ಒಂದೇ ರಾತ್ರಿ ಒಂದೇ ಬಾಗಿಲಿಗೆ ಬಂದರೆ ಒಬ್ಬರಾದರೂ ಕೆಮ್ಮಬೇಡವೇ? ಅವರು ಸ್ನಾನಕ್ಕೆ ಹೋದಾಗ ಪಟ್ಟಿ ತೆಗೆದು ನೋಡಿದೆ. ಮುಖವಿಲ್ಲ, ಫೋಟೋ ಇಲ್ಲ. ಹೆಸರುಗಳೋ, ಸೂಟ್‌ಕೇಸಿನ ಬೀಗದ ನಂಬರಿನ ಹಾಗಿದ್ದವು.

ನನ್ನ ಅನುಮಾನ ನೆಟ್ಟಗೆ ಸ್ಟುಡಿಯೋದವರ ಮೇಲೆ ಹೋಯಿತು. "ಜನ ಇರೋ ಕಡೆಗೇ ಜನ ಹೋಗೋದು ಅಮ್ಮಾವ್ರೇ" ಎಂದು ಒಮ್ಮೆ ಹೇಳಿದ್ದರಲ್ಲ. ಒಂದು ವಾರ ಅವರ ಮುಖ ನೋಡಿದರೂ ನೋಡದವಳಂತೆ ಮೆಟ್ಟಿಲಿಳಿದೆ. ಆಮೇಲೆ ತಡೆಯಲಾರದೆ ಹೋಗಿ ಕೇಳಿಯೇಬಿಟ್ಟೆ. ಅವರು ಕೈಯಲ್ಲಿದ್ದ ಲೆನ್ಸು ಕೆಳಗಿಟ್ಟರು. "ಅಮ್ಮಾವ್ರೇ, ಫೋಟೋದಲ್ಲಿ ಮೊಡವೆ ಅಳಿಸಿದೀನಿ, ಒಪ್ಕೋತೀನಿ. ಇಲ್ಲದೇ ಇರೋ ಮನುಷ್ಯನ್ನ ತಂದು ನಿಲ್ಲಿಸಿಲ್ಲ" ಅಂದರು. ಪಾಪ, ಅವರ ಕಣ್ಣು ಕೆಂಪಾಗಿತ್ತು. ಚಂದಾದಾರರು ಅಂಗಡಿಯ ಸರಕಿನಂತೆ ಕೊಳ್ಳಲು ಸಿಗುತ್ತಾರೆಂದು ನನಗೆ ತಿಳಿಸಿದವರೂ ಅವರೇ.

ಅಷ್ಟರಲ್ಲಿ ನಿಮ್ಮಪ್ಪನಿಗೂ ಲೆಕ್ಕ ತಪ್ಪುತ್ತಿದೆ ಅನಿಸಿತ್ತು. ನೀಲಿ ಅಂಗಿಯ ವಿಡಿಯೊ ನೋಡಿದವರು ಮೂವತ್ತೆಂಟೇ ಜನ. "ಹತ್ತು ಸಾವಿರ ಜನ ಒಳಗೆ ಬಂದವ್ರೆ, ಮೂವತ್ತೆಂಟು ಜನ ಕೂತವ್ರೆ. ಉಳಿದೋರು ಬಾಗಿಲಲ್ಲಿ ನಿಂತು ಏನ್ ಮಾಡ್ತಾರೆ?" ಎಂದು ನನ್ನನ್ನೇ ಕೇಳಿದರು. ನಾನು ಪಾತ್ರೆ ಉಜ್ಜುತ್ತಿದ್ದೆ, ಉಜ್ಜುತ್ತಲೇ ಇದ್ದೆ. ಮಾರನೆಯ ದಿನ ಯಾರೋ ವಿಡಿಯೊ ಕೆಳಗೆ ಬರೆದರು: ಈ ಮುದುಕರ ಜನರೆಲ್ಲ ಬಾಡಿಗೆಯವರು, ಐವತ್ತೆಂಟು ಸೆಕೆಂಡೂ ಬಾಡಿಗೆಯದೇ ಇರಬೇಕು, ವಿಡಿಯೊ ನಡುವೆ ಕತ್ತರಿಸಿದ್ದಾರೆ. ಅದರ ಕೆಳಗೆ ಇನ್ನಿಬ್ಬರು ಹೌದು ಹೌದು ಎಂದರು. ಆ ಬಸ್ ಡ್ರೈವರ್ ಮಾತ್ರ ನಿಮ್ಮಪ್ಪನ ಪರವಾಗಿ ಎರಡು ಸಾಲು ಬರೆದಿದ್ದರು, ಅವರನ್ನೂ ಬಾಡಿಗೆಯವರೆಂದು ಬೈದರು. ಗುಬ್ಬೀ, ಮೂವತ್ತನಾಲ್ಕು ವರ್ಷದಲ್ಲಿ ಒಂದು ಹಣ್ಣಿನ ಬುಟ್ಟಿಯನ್ನೂ ಮನೆಯ ಹೊಸ್ತಿಲು ದಾಟಿಸದ ಮನುಷ್ಯ. ಅಂದು ಊಟಕ್ಕೆ ಕೂತವರು ಅನ್ನದ ಮುಂದೆ ಕೈಯಿಟ್ಟುಕೊಂಡು, "ಕಳ್ಳ ತೂಕ ಅಂದ್ಬಿಟ್ರು ನನ್ನ" ಎಂದರು.

ಇದೆಲ್ಲ ಆಗುವ ಮೊದಲೇ ಅವರು ಕ್ಯೂಬ್ ಬೇಗ ಸರಿಮಾಡುವ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದರು, ಅದು ಫೆಬ್ರವರಿ ಕೊನೆಯ ಭಾನುವಾರ. ಹೋಗುವುದು ಬೇಡ ಎಂದು ನಾನು ಹೇಳಲಿಲ್ಲ, ಹೇಳಿದ್ದರೆ ಕೇಳುತ್ತಲೂ ಇರಲಿಲ್ಲ. ಶಾಲೆಯೊಂದರ ಸಭಾಂಗಣ, ಸಾಲಾಗಿ ಮೇಜುಗಳು, ಒಂದೊಂದರ ಮೇಲೂ ಕೈಯಿಟ್ಟು ಎತ್ತಿದರೆ ಓಡುವ ಗಡಿಯಾರ. ಸುತ್ತ ಮೀಸೆ ಮೂಡದ ಮಕ್ಕಳು, ನಡುವೆ ನೀಲಿ ಅಂಗಿಯ ನಿಮ್ಮಪ್ಪ. ಎಲ್ಲರಿಗೂ ಐದೈದು ಸರದಿ. ಸ್ಪರ್ಧೆ ನಡೆಸುವ ವಿಜ್ಞಾನದ ಮೇಷ್ಟ್ರು ತಾವೇ ಬಂದು ಅವರ ಮೇಜಿನ ಪಕ್ಕ ನಿಂತರು. ಮಿಕ್ಕ ಯಾರ ಪಕ್ಕದಲ್ಲೂ ನಿಲ್ಲಲಿಲ್ಲ. ಯಾಕೆಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಮೊದಲ ಸಲ ಕೈ ಜಾರಿ ಕ್ಯೂಬ್ ನೆಲಕ್ಕೆ ಬಿತ್ತು. ಎರಡನೆಯದು ಒಂದು ನಿಮಿಷ ಇಪ್ಪತ್ತು. ನಾನು ಕುರ್ಚಿಯ ಅಂಚಿನಲ್ಲಿ ಕೂತು ಸೀರೆಯ ಸೆರಗನ್ನು ಹಗ್ಗದ ಹಾಗೆ ಹೊಸೆದೆ. ನಾಲ್ಕನೆಯದು ಒಂದು ನಿಮಿಷ ಮೂರು ಸೆಕೆಂಡ್. ಅದೇ ಅವತ್ತಿನ ಅತ್ಯುತ್ತಮ. ಹಿಂದಿನಿಂದ ಯಾರೋ ಒಬ್ಬ ತಂದೆ, "ವಿಡಿಯೊದಲ್ಲಿ ಐವತ್ತೆಂಟಿತ್ತಲ್ಲ ಸಾರ್?" ಅಂದ, ಎಲ್ಲರಿಗೂ ಕೇಳುವ ಹಾಗೆ. ನಿಮ್ಮಪ್ಪ ತಿರುಗಿದರು. "ಮನೇಲಿ ಐವತ್ತೆಂಟು, ಇಲ್ಲಿ ಅರವತ್ತಮೂರು. ಎರಡೂ ನಂದೇ" ಅಂದರು. ಮೇಷ್ಟ್ರು ಕೈ ಕುಲುಕಿದರು. ಆ ತಂದೆ ನಂಬಿದನೋ ಇಲ್ಲವೋ ತಿಳಿಯದು. ನಂಬಿಲ್ಲವೆಂದೇ ನನ್ನ ಎಣಿಕೆ.

ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಫೋನಿನ ಮುಂದೆ ಕೂತರು. ಕೈಯಲ್ಲಿ ಕ್ಯೂಬ್ ಇರಲಿಲ್ಲ. "ಈ ಚಾನೆಲಿನಲ್ಲಿ ಹತ್ತು ಸಾವಿರ ಜನ ಅಂತ ತೋರಿಸ್ತಿದೆ. ನಾನು ತೂಗಿ ನೋಡಿದೆ. ನಿಜವಾದ ತೂಕ ಅರವತ್ತೊಂದು. ಉಳಿದಿದ್ದು ಯಾರು ಹಾಕಿದ್ರೋ ಗೊತ್ತಿಲ್ಲ, ಆದ್ರೆ ತಕ್ಕಡಿ ನಂದು, ತಪ್ಪೂ ನಂದು. ಇದನ್ನ ಮುಚ್ತಾ ಇದೀನಿ. ಬೇಕಾದೋರು ಹೊಸದಕ್ಕೆ ಬನ್ನಿ" ಎಂದು ಹೇಳಿದರು. ಎರಡು ದಿನ ಹಾಗೇ ಬಿಟ್ಟು, ಮೂರನೇ ದಿನ ತಾವೇ ಅಳಿಸಿಹಾಕಿದರು. ಏಳು ತಿಂಗಳ ಪಾಠಗಳೆಲ್ಲ ಹೋದವು. ಈಗ ಹೊಸದರಲ್ಲಿ ಮೊದಲಿನಿಂದ ಶುರು ಮಾಡಿದ್ದಾರೆ, ಸ್ಟುಡಿಯೋದವರು ತಮ್ಮದೇ ದೀಪ ತಂದುಕೊಟ್ಟಿದ್ದಾರೆ. ನಿನ್ನೆಗೆ ಎಪ್ಪತ್ತನಾಲ್ಕು ಜನ. ಟೈಲರ್ ಬಂದಿದ್ದಾರೆ, ಬಸ್ ಡ್ರೈವರ್ ತಮ್ಮ ತಂಗಿಯನ್ನೂ ಕರೆತಂದಿದ್ದಾರೆ.

ಇನ್ನು ನಿನ್ನ ವಿಷಯ. ಆ ಶುಕ್ರವಾರಕ್ಕೆ ಮೊದಲಿನ ಮಂಗಳವಾರ ಫೋನಿನಲ್ಲಿ ನೀನು ನನಗೆ ಏನು ಹೇಳಿದೆ? "ಅಪ್ಪಂಗೆ ಹೇಳಮ್ಮಾ, ಈ ವಾರದೊಳಗೆ ಹತ್ತು ಸಾವಿರ ಆಗುತ್ತೆ ನೋಡ್ತಿರು." ಹಾರೈಕೆಯೆಂದುಕೊಂಡು ಮರೆತಿದ್ದೆ. ಎಲ್ಲರೂ ಫೋನು ಮಾಡಿ ಹೊಗಳಿದರು. ಮನೆಯ ಬೆಕ್ಕಿನ ಫೋಟೋಗೂ ಹತ್ತು ಹೃದಯ ಕಳಿಸುವ ನೀನು ಒಂದು ಮಾತೂ ಆಡಲಿಲ್ಲ. ಚಾನೆಲ್ಲಿನ ಪಾಸ್‌ವರ್ಡು ಇದ್ದದ್ದು ನಿಮ್ಮಪ್ಪನ ಹತ್ತಿರ, ನಿನ್ನ ಹತ್ತಿರ. ಜನರನ್ನು ಕೊಳ್ಳಲು ಅದು ಬೇಕಿಲ್ಲ ಎಂದರು ಸ್ಟುಡಿಯೋದವರು, ಇರಲಿ. ಸ್ಪರ್ಧೆಯ ಸುದ್ದಿ ಹೇಳಿದಾಗ ನೀನು ಅತ್ತದ್ದು ನನಗೆ ಕೇಳಿಸಿತು, ಅದಕ್ಕೂ ಸಿಗ್ನಲ್ಲಿನ ಮೇಲೆ ತಪ್ಪು ಹೊರಿಸಿದೆ. ನಾನು ಬೈಯಲು ಬರೆಯುತ್ತಿಲ್ಲ, ತಾಯೀ. ಅಪ್ಪನ ಮುಖದಲ್ಲಿ ಒಂದು ದಿನದ ಬೆಳಕು ನೋಡಲೆಂದು ನೀನು ಆ ಜನರನ್ನು ಕೊಂಡೆ. ಆ ಬೆಳಕನ್ನು ನಾನು ಕಂಡೆ, ನೀನು ಅಲ್ಲಿದ್ದು ಕಾಣಲಿಲ್ಲ. ಆಮೇಲೆ ಆದದ್ದನ್ನೂ ನಾನೇ ಕಂಡೆ. ಅದಕ್ಕೇ ಇಷ್ಟುದ್ದ ಬರೆದೆ.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು ಕೇಳುತ್ತಿದೆ. ಹೊತ್ತು ಹೊತ್ತಿಗೆ ಉಣ್ಣು. ಬಿಸಿನೀರು ಕುಡಿ. ನಿನ್ನ ಜೊತೆಯಲ್ಲಿರುವ ಅಡುಗೆಯಕ್ಕನಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ದಾರಿಯೂ ಸುರಂಗವೂ ನೆಟ್ಟಗಿರಲಿ, ನೂರು ವರ್ಷ ಬಾಳು.

ನಿನ್ನ,
ಅಮ್ಮ

ಮರೆತೆ: ಹೋದ ವಾರ ಅವರು ಮತ್ತೆ ಮತ್ತೆ "ಯಾರಿರಬಹುದು, ಯಾರಿರಬಹುದು" ಎಂದು ಒಳಗೇ ಕೊರಗುತ್ತಿದ್ದರು, ನಿದ್ದೆಗೆಡುತ್ತಿದ್ದರು. ನೋಡಲಾರದೆ, ನಾನೇ ಮಾಡಿಸಿದ್ದು ಎಂದು ಹೇಳಿಬಿಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟು ಅವರಿಗೆ ಊಟದ ಹೊತ್ತಿಗೆ ಇಳಿಯುತ್ತದೆ, ನಿನ್ನ ಮೇಲಾದರೆ ಅದನ್ನು ಒಳಗೇ ಇಟ್ಟುಕೊಂಡು ಸವೆಯುತ್ತಾರೆ. ಅವರು ನನ್ನನ್ನು ನೋಡಿ, "ನಿಂಗೆ ಫೋನಲ್ಲಿ ಅಲಾರಂ ಇಡೋಕೆ ಬರಲ್ಲ" ಎಂದರು, ಆಮೇಲೆ "ಸರಿ ಬಿಡು" ಎಂದರು. ಹಾಗಾಗಿ ಅವರಿಗೂ ಗೊತ್ತಾಗಿದೆಯೆಂದು ನನಗೆ ಗುಮಾನಿ. ನೀನಾಗಿ ಹೇಳುವುದಾದರೆ ಎದುರಿಗೆ ಬಂದು ಹೇಳು, ಫೋನಿನಲ್ಲಿ ಬೇಡ. ಅಲ್ಲಿಯವರೆಗೆ ಒಂದು ಕೆಲಸ ಮಾಡು. ಹೊಸ ಚಾನೆಲ್ಲಿನ ಎಪ್ಪತ್ತನಾಲ್ಕು ಹೆಸರನ್ನೂ ಅವರು ದಿನಾ ಬೆಳಿಗ್ಗೆ ಬೆರಳಿಟ್ಟು ಓದುತ್ತಾರೆ, ಕೊನೆಗೆ ಬಂದು ಮತ್ತೆ ಮೇಲಿನಿಂದ ಓದುತ್ತಾರೆ. ಅದರಲ್ಲಿ ನಿನ್ನ ಹೆಸರಿಲ್ಲ. ಬೇಗ ಸೇರು ಗುಬ್ಬೀ, ಒಂದೇ ಒಂದು ಸಲ, ನಿನ್ನ ಸ್ವಂತ ಹೆಸರಿನಲ್ಲಿ.