ಹೋಗಿಬರ್ತೀನಿ ಅಂದ ಅಜ್ಜಿ

ದೊಡ್ಡಮ್ಮ,

ಹೊರಡುವಾಗ ನಾನು "ಹೋಗ್ತೀನಿ" ಅಂದಿದ್ದಕ್ಕೆ ಬಾಗಿಲಿಂದ ವಾಪಸ್ ಕರೆದು ಕೂರಿಸಿ, "ಹೋಗಿಬರ್ತೀನಿ ಅನ್ನೇ" ಅಂತ ಬೈದಿದ್ರಲ್ಲ? ಇಲ್ಲಿ ದೊಡ್ಡವರಿಗೆ ನಾನು ಹೇಳಿಕೊಡೋ ಇಂಗ್ಲಿಷ್ ಕ್ಲಾಸಿನಲ್ಲೂ ಅದೇ ಚಾಳಿ. ಬರೀ "ಹೋಗ್ತೀನಿ" ಅಂತ ಎದ್ದ ವಿದ್ಯಾರ್ಥಿಯನ್ನು, ಬಸ್ ಡ್ರೈವರ್ ಅವನು, ಕೂರಿಸಿ ನಾನೇ ತಿದ್ದಿದೆ. ಈಗ ಹದಿನಾಲ್ಕು ಜನರೂ ಇಂಗ್ಲಿಷಿನಲ್ಲಿ "ಹೋಗಿಬರ್ತೀನಿ" ಅನ್ನದೆ ಹೊಸ್ತಿಲು ದಾಟಲ್ಲ.

ನಿನ್ನೆ ಕೋರ್ಸ್ ಮುಗೀತು. ಬಟ್ಟೆ ಹೊಲಿಯೋ ಅಜ್ಜಿಯೊಬ್ಬರು ಸರ್ಟಿಫಿಕೇಟ್ ತಗೊಂಡು, ಹಾಗೇ ಹೇಳಿ ಹೋದರು. ಇವತ್ತು ಬೆಳಿಗ್ಗೆ ನೋಡಿದರೆ ಹೊಸ ಬ್ಯಾಚಿನ ಮುಂದಿನ ಬೆಂಚಿನಲ್ಲಿ ಹಾಜರ್! "ಬರ್ತೀನಿ ಅಂದಿದ್ದೆನಲ್ಲ, ಟೀಚರ್!"

ಕೋರ್ಸ್ ಮುಗಿಸಿದವರು ಮತ್ತೆ ಯಾಕೆ ಅಂತ ಪ್ರಿನ್ಸಿಪಾಲರು ಗುರ್ ಅಂತಿದ್ದಾರೆ. ತಪ್ಪೆಲ್ಲ ನಮ್ಮ ದೊಡ್ಡಮ್ಮಂದು ಅಂದುಬಿಡಲಾ?

ನನ್ನ ಕೆಮ್ಮು ವಾಸಿಯಾಯ್ತು. ಕಾರ್ಡಲ್ಲಿ ಜಾಗ ಇಲ್ಲ, ಹೋಗ್ತೀನಿ. ಅಯ್ಯೋ ಬೈಬೇಡಿ, ಹೋಗಿಬರ್ತೀನಿ!

ನಿಮ್ಮ ತಂಗಿ ಮಗಳು