ಬೀಗ ಹಾಕಿದ ಕಪಾಟು, ಮಿಡಿಯದ ಹೆಬ್ಬೆರಳು

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ತಮ್ಮನಿಗೆ ಎಚ್ಚರವಿರುವಾಗಲೇ ಉಸಿರುಗಟ್ಟಿಸಿದವರು ನೀವು. ಇದನ್ನು ಎಲ್ಲರೆದುರು ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಕೋಣೆಯಲ್ಲಿ ನಾಲ್ಕು ಸಲ ಹೇಳಿದಾಗಲೂ ನೀವು ಗಡಿಯಾರ ನೋಡಿದಿರಿ.

ಅವನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ಹರ್ನಿಯಾ ಆಪರೇಷನ್ನಿಗೆಂದು ನಿಮ್ಮಲ್ಲಿಗೆ ಬಂದ. ಅರಿವಳಿಕೆಯ ಜೊತೆ ಸ್ನಾಯು ಸಡಿಲಿಸುವ ಮದ್ದು ಕೊಡುತ್ತಾರಷ್ಟೆ. ಅದರಲ್ಲಿ ಒಂದು ಬಗೆ ರಕ್ತದಲ್ಲೇ ತಾನಾಗಿ ಒಡೆದುಹೋಗುತ್ತದೆ. ಇನ್ನೊಂದು ಹೊರಹೋಗಲು ಕಿಡ್ನಿಯೇ ದಾರಿ. ಆ ದಾರಿ ಮುಚ್ಚಿದವನಿಗೆ ಎರಡನೆಯದನ್ನೇ ಚುಚ್ಚಿದರು. ಯಾಕೆ? 'ಹಳೆಯ ದಾಸ್ತಾನು ಮುಗಿಯುವವರೆಗೆ ಬೇರೆಯದನ್ನು ತೆರೆಯತಕ್ಕದ್ದಲ್ಲ' ಎಂಬ ನಿಮ್ಮ ಸುತ್ತೋಲೆ! ಮದ್ದು ಇಳಿಯಿತೇ ಎಂದು ತಿಳಿಯಲು ಮಣಿಕಟ್ಟಿಗೆ ನಾಲ್ಕು ಸಲ ಸಣ್ಣ ಕರೆಂಟು ಕೊಟ್ಟು ಹೆಬ್ಬೆರಳಿನ ಮಿಡಿತ ಎಣಿಸುವ ಯಂತ್ರವೊಂದಿದೆ; ನಾಲ್ಕೂ ಸಲ ಬಲವಾಗಿ ಮಿಡಿದರೆ ಮದ್ದು ಇಳಿದಂತೆ. ಅದೆಲ್ಲಿತ್ತು? ಕಳುವಾದೀತೆಂದು ನಿಮ್ಮ ಕಪಾಟಿನಲ್ಲಿ. ಬೀಗದ ಕೈ, ನಾನೇ ಹೊಲಿದ ನಿಮ್ಮ ಬಿಳಿ ಕೋಟಿನ ಜೇಬಿನಲ್ಲಿ. ನೀವು, ರೋಗಿ ಸುರಕ್ಷತಾ ಸಪ್ತಾಹದ ಉದ್ಘಾಟನೆಯಲ್ಲಿ. ಎಂಥ ಜೋಪಾನ!

ಗಂಟಲ ಕೊಳವೆ ತೆಗೆದು ಅವನನ್ನು ಪಕ್ಕದ ಕೋಣೆಗೆ ತಂದರು. ನಾನು ಬಾಗಿಲಲ್ಲೇ ಇದ್ದೆ. ನರ್ಸಮ್ಮ ಕೆನ್ನೆ ತಟ್ಟಿ, "ಏಳಪ್ಪಾ ಸೋಮಾರಿ, ಇನ್ನೂ ಎಷ್ಟು ಮಲಗ್ತೀಯ?" ಎಂದರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನನ್ನು ಸುಡುತ್ತಿದೆ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು. ರೆಪ್ಪೆ ಎತ್ತಲು, ಉಸಿರೆಳೆಯಲು ಮಾತ್ರ ಆಗುತ್ತಿರಲಿಲ್ಲ. ತುಟಿ ನೀಲಿಗಟ್ಟಿದ ಮೇಲೆ ಅರಿವಳಿಕೆ ವೈದ್ಯರು ಓಡಿಬಂದು ಮತ್ತೆ ಕೊಳವೆ ಇಳಿಸಿದರು. "ಯಂತ್ರ ಕೇಳಿದ್ದೆ ಅಮ್ಮಾ, ಬೀಗ ಇತ್ತು. ಆದ್ರೂ ನಾನು ಕಾಯಬೇಕಿತ್ತು, ತಪ್ಪು ನಂದೂ ಇದೆ" ಎಂದು ತಲೆ ತಗ್ಗಿಸಿದರು. ನೀವೋ, 'ರೋಗಿಯ ಪ್ರಕೃತಿಯೇ ನಿಧಾನ' ಎಂದು ವರದಿ ಬರೆಸಿದಿರಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

ನನ್ನ ಒಂದು ಕಿಡ್ನಿ ಅವನಿಗೆ ಹೊಂದುತ್ತದೆ. ಕಸಿಗೆ ದಿನವೂ ನಿಗದಿಯಾಗಿತ್ತು. ಈಗ ಅವನು, "ಬೇಕಾದ್ರೆ ಸಾಯ್ತೀನಿ ಅಕ್ಕಾ, ಆ ಮೇಜಿನ ಮೇಲೆ ಮಾತ್ರ ಮತ್ತೆ ಮಲಗಲ್ಲ" ಎನ್ನುತ್ತಾನೆ. ಕೊಡುವವಳು ಸಿದ್ಧಳಿದ್ದೂ ಅವನು ಸತ್ತರೆ, ಅದಕ್ಕೂ ಒಂದು ವರದಿ ಬರೆಸುತ್ತೀರಾ?

ನಿಮ್ಮ ಕ್ಷಮಾಪಣೆ ನನಗೆ ಬೇಡ, ಕ್ಷಮಿಸುವ ಮನಸ್ಸೂ ಇಲ್ಲ. ಸುತ್ತೋಲೆಯನ್ನು ಹರಿದುಹಾಕಿ. ಯಂತ್ರವನ್ನು ಕಪಾಟಿನಿಂದ ತೆಗೆದು ನಮ್ಮ ಮನೆಗೆ ತನ್ನಿ. ನನ್ನ ತಮ್ಮನೆದುರು ಕೂತು ನಿಮ್ಮ ಮಣಿಕಟ್ಟು ಚಾಚಿ. ಗುಂಡಿ ಅವನು ಒತ್ತುತ್ತಾನೆ. ನಿಮ್ಮ ಹೆಬ್ಬೆರಳು ನಾಲ್ಕು ಸಲ ಹಾರುವುದನ್ನು ಕಣ್ಣಾರೆ ಕಂಡರೆ, ಅವನಿಗೆ ಆ ಯಂತ್ರದ ಮೇಲಾದರೂ ನಂಬಿಕೆ ಬಂದೀತು. ಎಚ್ಚರವಿದ್ದವರಿಗೆ ಅದು ನೋಯುತ್ತದಂತೆ. ನೋಯಲಿ.

ಇಂತಿ,
ಹನ್ನೊಂದು ವರ್ಷದಿಂದ ನಿಮ್ಮ ಆಸ್ಪತ್ರೆಯ ಬಟ್ಟೆ ಹೊಲಿಯುತ್ತಿರುವ,
ನಿಮ್ಮ ಕೋಟಿಗೆ ಇನ್ನೆಂದೂ ಜೇಬು ಇಡದ
ಒಬ್ಬ ಅಕ್ಕ